ಗಾಳಿಬಂಡಿಯ ಲೆಕ್ಕ

ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ರೈಲುದಾರಿಯೂ ಮೈಸೂರಿನಿಂದ ಹಾಸನದ ಮೇಲೆ ಬರುವ ರೈಲುದಾರಿಯೂ ಅರಸೀಕೆರೆಯಲ್ಲಿ ಒಂದುಗೂಡುತ್ತವೆ. ಬೇಲೂರು ಹಳೇಬೀಡುಗಳ ದೇವಾಲಯಗಳನ್ನು ನೋಡಲು ಹೊರಟ ಯಾತ್ರಿಕರಲ್ಲಿ ಅನೇಕರು ಇಲ್ಲಿಯೇ ಇಳಿದು, ಮುಂದಿನ ಪ್ರಯಾಣಕ್ಕೆ ಬಸ್ಸನ್ನೋ ಬಾಡಿಗೆಯ ಕಾರನ್ನೋ ಹುಡುಕುವುದು ವಾಡಿಕೆ. ನೀವು ಆ ನಿಲ್ದಾಣದಲ್ಲಿ ಒಂದು ಗಳಿಗೆ ನಿಂತಿದ್ದರೆ, ರೈಲಿನ ಗಾಲಿಗಳ ನಡುವಿನಿಂದ ಬುಸ್ಸೆಂದು ಹೊರಡುವ ಶಬ್ದವನ್ನು ಕೇಳಿಯೇ ಇರುತ್ತೀರಿ. ಉಗಿಬಂಡಿಗಳು ಹೋಗಿ ಬಹುಕಾಲವಾಯಿತು. ಆದುದರಿಂದ ಅದು ಉಗಿಯಲ್ಲ. ಅದು ಬ್ರೇಕಿನ ಏರ್ಪಾಡಿನಿಂದ ಬಿಡುಗಡೆಯಾದ ಗಾಳಿ. ನಾವು ಉಸಿರಾಡುವ ಗಾಳಿಯೇ ಸರಿ. ಆದರೆ ಐದಾರು ಪಟ್ಟು ಅದುಮಿ ಇಟ್ಟದ್ದು. ನೂರಾರು ಟನ್ನು ತೂಕದ ರೈಲನ್ನು ಹಿಡಿದು ನಿಲ್ಲಿಸುವ ಬಲ ಅದಕ್ಕೆ ಉಂಟು.

ರೈಲನ್ನು ನಿಲ್ಲಿಸಬಲ್ಲ ಗಾಳಿ ಒಂದು ಸಣ್ಣ ಬಂಡಿಯನ್ನು ಓಡಿಸಲಾರದೆ? ಓಡಿಸುವುದಾದರೆ ಎಷ್ಟು ದೂರ? ಬಂಡಿಯನ್ನು ಕಟ್ಟುವುದಕ್ಕೆ ಮೊದಲೇ, ಹಣವನ್ನು ಸುರಿಯುವುದಕ್ಕೆ ಮೊದಲೇ, ಇದನ್ನು ತಿಳಿಯುವ ಬಗೆ ಯಾವುದು? ಈ ಪ್ರಶ್ನೆಗಳನ್ನು ಕುರಿತು ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಇವು ನನ್ನ ಪಾಲಿಗೆ ಬರಿಯ ಪುಸ್ತಕದ ಪ್ರಶ್ನೆಗಳಾಗಿ ಉಳಿಯಲಿಲ್ಲ. ಅದೇಕೆಂಬುದನ್ನು ಮೊದಲು ಅರಿಕೆಮಾಡಿಕೊಳ್ಳುತ್ತೇನೆ.

ಕೆಲವು ವರ್ಷಗಳ ಹಿಂದೆ ಒಂದು ಕಾಲೇಜಿನ ವಿಜ್ಞಾನ ಪ್ರದರ್ಶನಕ್ಕೆ ನಾನು ತೀರ್ಪುಗಾರನಾಗಿ ಹೋಗಿದ್ದೆನು. ಅರಸೀಕೆರೆಯ ಸೀಮೆಯ ಒಬ್ಬ ಹುಡುಗ ಒಂದು ಆಟದ ಬಂಡಿಯನ್ನು ಮಾಡಿ ತಂದಿದ್ದನು. ಅದರ ಬೆನ್ನ ಮೇಲೊಂದು ಗಟ್ಟಿಯಾದ ಸೀಸೆ. ಅದಕ್ಕೆ ಸೈಕಲ್ಲಿನ ಪಂಪಿನಿಂದ ಗಾಳಿಯನ್ನು ತುಂಬಿ ತಿರುಪನ್ನು ಸಡಲಿಸಿದೊಡನೆ ಬಂಡಿ ಹಜಾರದ ಈ ತುದಿಯಿಂದ ಆ ತುದಿಗೆ ಓಡಿಹೋಯಿತು. ಹೊಗೆಯಿಲ್ಲ, ವಾಸನೆಯಿಲ್ಲ, ಎಣ್ಣೆಯಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಮೊದಲನೆಯ ಬಹುಮಾನವನ್ನು ಕೊಟ್ಟುದಲ್ಲದೆ, ಆ ಸಂಭ್ರಮದಲ್ಲಿ, “ಇದನ್ನೇ ದೊಡ್ಡದಾಗಿ ಕಟ್ಟಿದರೆ ಅರಸೀಕೆರೆಯಲ್ಲಿ ಇಳಿದ ಯಾತ್ರಿಕರನ್ನು ಬೇಲೂರಿಗೆ ಕರೆದೊಯ್ಯಬಹುದು” ಎಂದು ವೇದಿಕೆಯ ಮೇಲಿಂದ ಹೇಳಿಬಿಟ್ಟೆನು. ಲೆಕ್ಕಹಾಕಿ ಹೇಳಿದ ಮಾತಲ್ಲ ಅದು. ಬಾಯಿಗೆ ಬಂದ ಮಾತು.

ಎರಡು ತಿಂಗಳಾದ ಮೇಲೆ ಆ ಹುಡುಗನೂ ಅವನ ತಂದೆಯೂ ನನ್ನ ಮನೆಗೆ ಬಂದರು. ತಂದೆ ತೆಂಗಿನ ತೋಟದ ಒಕ್ಕಲಿನವರು. ಎರಡು ಎಳನೀರನ್ನೂ ಒಂದು ಕಾಗದದ ಸುರುಳಿಯನ್ನೂ ಮೇಜಿನ ಮೇಲಿಟ್ಟು ಅವರು ಹೇಳಿದರು: “ಮೇಷ್ಟ್ರೇ, ಮಗ ಗಾಳಿಗಾಡಿ ಮಾಡ್ತೀನಿ ಅಂತಾನೆ. ಗಾಳಿಗೆ ದುಡ್ಡು ಕೊಡೋ ಹಂಗಿಲ್ಲ, ಲಾಭವೇ ಲಾಭ ಅಂತಾನೆ. ನೀವೂ ಸಭೇಲಿ ಹೇಳಿದ್ರಂತೆ. ನೀವು ಓದಿದೋರು. ಒಂದು ಸಲ ಹೂಂ ಅನ್ನಿ, ತೋಟ ಆಧಾರ ಇಟ್ಟು ಸಾಲ ಎತ್ತುತೀನಿ.”

ಸುರುಳಿಯಲ್ಲಿದ್ದುದು ತೋಟದ ಪತ್ರಗಳು. ನನಗೆ ಮೈ ಬೆವರಿತು. ಮೂರು ದಿನಗಳ ಅವಕಾಶವನ್ನು ಕೇಳಿಕೊಂಡೆನು. ಹುಡುಗನಿಗೆ, “ನಾಳೆ ಸಾಯಂಕಾಲ ಬಾ, ಇಬ್ಬರೂ ಕೂತು ಬಂಡಿಯನ್ನು ಕಾಗದದ ಮೇಲೆ ಓಡಿಸಿ ನೋಡೋಣ” ಎಂದೆನು. ಕಾಗದದ ಮೇಲೆ ಓಡಿಸುವುದೆಂದರೆ ಇಷ್ಟೆ: ಬಂಡಿಯ ಒಂದೊಂದು ಅಂಗಕ್ಕೂ ಬದಲಾಗಿ ಒಂದೊಂದು ಲೆಕ್ಕವನ್ನಿಟ್ಟು, ಒಂದರ ಫಲವನ್ನು ಇನ್ನೊಂದಕ್ಕೆ ಒಪ್ಪಿಸುತ್ತ ಹೋಗುವುದು. ಇಂಜಿನಿಯರುಗಳು ಇದನ್ನು ಗಣಿತದ ಮಾದರಿ ಎನ್ನುತ್ತಾರೆ. ಇದರಲ್ಲಿ ಸೋತರೆ ಹಾಳಾಗುವುದು ಕಾಗದ ಮಾತ್ರ.

ಎಲ್ಲಕ್ಕೂ ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಹೋಗಲಾಡಿಸಬೇಕು. ಗಾಳಿ ಇಂಧನವಲ್ಲ. ಪೆಟ್ರೋಲಿನಲ್ಲಿ ಶಕ್ತಿಯನ್ನು ಪ್ರಕೃತಿಯೇ ತುಂಬಿಟ್ಟಿದೆ. ನಾವು ಉರಿಸಿ ತೆಗೆದುಕೊಳ್ಳುತ್ತೇವೆ. ಗಾಳಿಯಾದರೋ ಬರಿಯ ಕಣಜ. ನಾವು ತುಂಬಿದ್ದನ್ನು ನಾವು ತೆಗೆಯಬಹುದೇ ಹೊರತು, ಅದು ತಾನಾಗಿ ಒಂದು ಕಾಳನ್ನೂ ಬೆಳೆಯದು. ಗಾಳಿಗೆ ಬೆಲೆಯಿಲ್ಲ ನಿಜ. ಅದನ್ನು ಅದುಮುವ ಕೆಲಸಕ್ಕೆ ಬೆಲೆಯುಂಟು. ಆ ಕೆಲಸವನ್ನು ಮಾಡುವುದು ವಿದ್ಯುತ್ತಿನಿಂದ ತಿರುಗುವ ಕಂಪ್ರೆಸರು. ಆದುದರಿಂದ ಗಾಳಿಬಂಡಿ ಎಂಬುದು ವಾಸ್ತವವಾಗಿ ವಿದ್ಯುತ್ತಿನ ಬಂಡಿಯೇ. ಬ್ಯಾಟರಿಯ ಸ್ಥಾನದಲ್ಲಿ ಗಾಳಿಯ ಉರುಳೆಯನ್ನು ಇಟ್ಟಿದೆ, ಅಷ್ಟೆ. ಹೀಗಿರುವುದರಿಂದ ನಮ್ಮ ಲೆಕ್ಕವನ್ನೆಲ್ಲ ಮನೆಯ ವಿದ್ಯುತ್ತಿನ ಬಿಲ್ಲಿನಲ್ಲಿ ಕಾಣುವ ಯೂನಿಟ್ಟುಗಳಲ್ಲಿಯೇ ಮಾಡುವುದು ಅನುಕೂಲ.

ಮೊದಲನೆಯ ಸಾಯಂಕಾಲ ಬಂಡಿಯ ಬೇಡಿಕೆಯನ್ನು ಲೆಕ್ಕಹಾಕಿದೆವು. ಇಬ್ಬರು ಯಾತ್ರಿಕರು ಕುಳಿತಾಗ, ಗಾಳಿಯ ಉರುಳೆಗಳೂ ಸೇರಿ, ಬಂಡಿಯ ತೂಕ ೪೦೦ ಕಿಲೋಗ್ರಾಂ ಎಂದಿಟ್ಟುಕೊಂಡೆವು. ವೇಗ ಗಂಟೆಗೆ ೩೦ ಕಿಲೋಮೀಟರು. ಅರಸೀಕೆರೆಯಿಂದ ಜಾವಗಲ್ಲಿನ ಮೇಲೆ ಹಳೇಬೀಡಿಗೆ, ಅಲ್ಲಿಂದ ೧೬ ಕಿಲೋಮೀಟರು ಮುಂದಕ್ಕೆ ಬೇಲೂರಿಗೆ. ಲೆಕ್ಕಕ್ಕಾಗಿ ಒಟ್ಟು ೫೪ ಕಿಲೋಮೀಟರು ಎಂದುಕೊಂಡೆವು. ಹಳ್ಳಿಯ ಕಡೆಯ ರಸ್ತೆಯಲ್ಲಿ ಗಾಲಿಗಳ ಉರುಳಾಟಕ್ಕೆ ಬರುವ ತಡೆ ಸಾವಿರ ಕಿಲೋಗ್ರಾಮಿಗೆ ಸುಮಾರು ೧೨ ಕಿಲೋಗ್ರಾಮಿನಷ್ಟು ಎಂದರೆ, ನಮ್ಮ ಬಂಡಿಗೆ ೫ ಕಿಲೋಗ್ರಾಮಿಗೆ ತುಸು ಕಡಮೆ. ಎದುರು ಗಾಳಿಯ ತಡೆ ಆ ವೇಗದಲ್ಲಿ ಸುಮಾರು ೩ ಕಿಲೋಗ್ರಾಮು. ಎರಡನ್ನೂ ಕೂಡಿಸಿದರೆ ಎಂಟರೊಳಗೆ. ನೋಡಿ, ಸಮನಾದ ದಾರಿಯಲ್ಲಿ ಬಂಡಿಯನ್ನು ಎಳೆಯಲು ಒಂದು ಬಿಂದಿಗೆ ನೀರಿನ ಭಾರದಷ್ಟು ಬಲವೂ ಬೇಡ! ಆದರೆ ಆ ಬಲವನ್ನು ೫೪ ಕಿಲೋಮೀಟರಿನ ಉದ್ದಕ್ಕೂ ಬಿಡದೆ ಪ್ರಯೋಗಿಸಬೇಕು. ಹಾಗೆ ಮಾಡಿದರೆ ೧.೧ ಯೂನಿಟ್ಟಿನಷ್ಟು ಕೆಲಸವಾಗುತ್ತದೆ.

ಅಷ್ಟಕ್ಕೇ ಮುಗಿಯಲಿಲ್ಲ. ಅರಸೀಕೆರೆ ಸಮುದ್ರಮಟ್ಟದಿಂದ ಸುಮಾರು ೮೦೦ ಮೀಟರು ಎತ್ತರದಲ್ಲಿದೆ. ಮಲೆನಾಡಿನ ಬಾಗಿಲಾದ ಬೇಲೂರು ಸುಮಾರು ೯೭೦ ಮೀಟರು. ನಡುವೆ ಎಷ್ಟು ಏರಿಳಿತಗಳಿದ್ದರೂ ಕಡೆಗೆ ಬಂಡಿ ೧೭೦ ಮೀಟರು ಮೇಲಕ್ಕೆ ಏರಿರಲೇಬೇಕು. ೪೦೦ ಕಿಲೋಗ್ರಾಮನ್ನು ಅಷ್ಟೆತ್ತರಕ್ಕೆ ಎತ್ತಲು ಇನ್ನೂ ೦.೨ ಯೂನಿಟ್ಟು. ಅಂತೂ ಗಾಲಿಯ ಬಳಿ ಬೇಕಾದ ಮೊತ್ತ ೧.೩ ಯೂನಿಟ್ಟು. ಈ ಅಂಕಿಯನ್ನು ದಯವಿಟ್ಟು ನೆನಪಿನಲ್ಲಿಡಿ.

ಎರಡನೆಯ ಸಾಯಂಕಾಲ ಕಣಜದ ಕಡೆಗೆ ತಿರುಗಿದೆವು. ಬೆಸುಗೆಯ ಅಂಗಡಿಗಳಲ್ಲಿ ಆಮ್ಲಜನಕದ ಉಕ್ಕಿನ ಉರುಳೆಗಳನ್ನು ನೀವು ಕಂಡಿದ್ದೀರಿ. ಅಂಥವೇ ಎರಡು, ಒಟ್ಟು ೧೦೦ ಲೀಟರು ಹಿಡಿಯತಕ್ಕವು. ಅವುಗಳಲ್ಲಿ ನಮ್ಮ ಸುತ್ತಣ ಗಾಳಿಯ ಒತ್ತಡಕ್ಕೆ ೨೦೦ ಪಟ್ಟು ಒತ್ತಡದಲ್ಲಿ ಗಾಳಿಯನ್ನು ತುಂಬಿದೆ ಎಂದಿಟ್ಟುಕೊಳ್ಳೋಣ. ಸುತ್ತಣ ಗಾಳಿಯ ಈ ಒತ್ತಡವನ್ನು ಒಂದು ವಾಯುಭಾರ ಎನ್ನುವುದು ರೂಢಿ. ೨೦೦ ವಾಯುಭಾರದಲ್ಲಿ ಆ ಉರುಳೆಗಳಿಗೆ ಸುಮಾರು ೨೩ ಕಿಲೋಗ್ರಾಂ ಗಾಳಿ ಹಿಡಿಸುತ್ತದೆ. ಆ ಗಾಳಿ ಮೆಲ್ಲಮೆಲ್ಲನೆ, ಸುತ್ತಣ ಬಿಸಿಯನ್ನು ಹೀರಿಕೊಳ್ಳುತ್ತ, ಒಂದಿಷ್ಟೂ ನಷ್ಟವಿಲ್ಲದೆ ಹಿಗ್ಗಿದರೆ ಮಾಡಬಲ್ಲ ಕೆಲಸ ೨.೪ ಯೂನಿಟ್ಟು. ಬೇಕಾದದ್ದು ೧.೩, ಇರುವುದು ೨.೪. ಹುಡುಗನ ಮುಖ ಅರಳಿತು. “ಸಾರ್, ಬೇಲೂರಿಗೆ ಹೋಗಿ ಅರ್ಧ ದಾರಿ ಹಿಂದಕ್ಕೂ ಬರಬಹುದು!” ಎಂದನು. “ತಡೆಯಪ್ಪ, ಇನ್ನೂ ಸುಂಕದ ಕಟ್ಟೆಗಳಿವೆ” ಎಂದೆನು.

ಮೊದಲನೆಯ ಕಟ್ಟೆ ಒತ್ತಡದ್ದು. ಉರುಳೆಯಲ್ಲಿ ಮೊದಲು ೨೦೦ ವಾಯುಭಾರ; ಬಂಡಿ ಓಡಿದಂತೆಲ್ಲ ಅದು ಇಳಿಯುತ್ತ ಹೋಗುತ್ತದೆ. ಹೀಗೆ ಕ್ಷಣಕ್ಷಣಕ್ಕೂ ಬದಲಾಗುವ ಒತ್ತಡಕ್ಕೆ ಸಣ್ಣ ಇಂಜಿನನ್ನು ಹೊಂದಿಸುವುದು ಬಹು ಕಷ್ಟ. ಆದಕಾರಣ ನಡುವೆ ಒಂದು ತಡೆಬಾಗಿಲನ್ನಿಟ್ಟು ಒತ್ತಡವನ್ನು ೧೦ ವಾಯುಭಾರಕ್ಕೆ ಇಳಿಸಿ ಇಂಜಿನಿಗೆ ಬಿಡುತ್ತಾರೆ. ಎತ್ತರದ ಕೆರೆಯ ನೀರನ್ನು ತೂಬಿನಿಂದ ಸುಮ್ಮನೆ ಕೆಳಕ್ಕೆ ಬಿಟ್ಟು, ಗದ್ದೆಯ ಬದುವಿನ ಬಳಿ ನೀರಿನ ಚಕ್ರವನ್ನು ಇಟ್ಟಂತಾಯಿತು ಇದು. ಮೇಲಿನಿಂದ ಬಿದ್ದ ರಭಸವೆಲ್ಲ ವ್ಯರ್ಥ. ಇದರಿಂದ ೨.೪ ಇದ್ದದ್ದು ೧.೨ಕ್ಕೆ ಇಳಿಯಿತು. ಒಂದೇ ಬಾಗಿಲಲ್ಲಿ ಅರ್ಧ ಸಂಪತ್ತು ಹೋಯಿತು.

ಎರಡನೆಯ ಕಟ್ಟೆ ಚಳಿಯದು. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವುದನ್ನು ಎಲ್ಲರೂ ಬಲ್ಲರು. ಅದುಮಿದರೆ ಗಾಳಿ ಕಾಯುತ್ತದೆ, ಹಿಗ್ಗಿದರೆ ತಣ್ಣಗಾಗುತ್ತದೆ. ತಣ್ಣಗಾದ ಗಾಳಿಯ ಒತ್ತಡ ಬೇಗ ಕುಗ್ಗುವುದರಿಂದ ಅದು ಪಿಸ್ಟನ್ನನ್ನು ತಳ್ಳುವ ಕೆಲಸವೂ ಕಡಮೆಯಾಗುತ್ತದೆ. ೨೭ ಡಿಗ್ರಿ ಬಿಸಿಯ ಗಾಳಿ ೧೦ ವಾಯುಭಾರದಿಂದ ಒಂದಕ್ಕೆ ಇಂಜಿನಿನೊಳಗೆ ಥಟ್ಟನೆ ಹಿಗ್ಗಿದರೆ, ಹೊರಕ್ಕೆ ಬರುವಾಗ ಲೆಕ್ಕದ ಪ್ರಕಾರ ಸೊನ್ನೆಗೆ ೧೧೮ ಡಿಗ್ರಿ ಕೆಳಗಿರುತ್ತದೆ. ಗಾಳಿಯಲ್ಲಿ ತೇವ ಉಳಿದಿದ್ದರೆ ಅದು ನಿರ್ಗಮದ ಬಾಯಲ್ಲಿ ಮಂಜುಗಡ್ಡೆಯಾಗಿ ಕಟ್ಟಿಕೊಳ್ಳುತ್ತದೆ, ಕೀಲೆಣ್ಣೆ ಗಟ್ಟಿಯಾಗುತ್ತದೆ. ತಡೆಬಾಗಿಲೇ ಬೇಡವೆಂದು ೨೦೦ ವಾಯುಭಾರದಿಂದ ಒಂದೇ ನೆಗೆತಕ್ಕೆ ಹಿಗ್ಗಿಸಿದರೆ ಲೆಕ್ಕದಲ್ಲಿ ಬರುವ ಅಂಕಿ ಸೊನ್ನೆಗೆ ೨೦೭ ಡಿಗ್ರಿ ಕೆಳಗೆ. ಗಾಳಿ ತಾನೇ ದ್ರವವಾಗಿಬಿಡುವ ಚಳಿ ಅದು. ಈ ಕಟ್ಟೆಯಲ್ಲಿ ನಮ್ಮ ೧.೨ ಯೂನಿಟ್ಟು ೦.೯ ಆಯಿತು.

ಮೂರನೆಯದು ಯಂತ್ರದ ಸುಂಕ. ಪಿಸ್ಟನ್ನಿನ ತಿಕ್ಕಾಟ, ಕವಾಟಗಳಲ್ಲಿ ಸೋರಿಕೆ, ಹಲ್ಲುಗಾಲಿಗಳ ನಷ್ಟ, ಇವುಗಳಿಗೆ ನೂರಕ್ಕೆ ಮೂವತ್ತನ್ನು ಬಿಟ್ಟರೆ ಗಾಲಿಗೆ ಸೇರುವುದು ಸುಮಾರು ೦.೬ ಯೂನಿಟ್ಟು. ಬೇಲೂರಿಗೆ ಬೇಕಾದದ್ದು ೧.೩. ಭಾಗಿಸಿ ನೋಡಿದರೆ ಬಂಡಿ ೨೬ ಕಿಲೋಮೀಟರು ಹೋಗಿ ನಿಂತುಬಿಡುತ್ತದೆ. ಜಾವಗಲ್ಲಿನಲ್ಲಿ ೧೩ನೆಯ ಶತಮಾನದ ಲಕ್ಷ್ಮೀನರಸಿಂಹ ದೇವಾಲಯವಿದೆ. ಯಾತ್ರಿಕರು ಅದನ್ನು ನೋಡಿಕೊಂಡು ಅಲ್ಲಿಯೇ ಉಳಿಯಬೇಕಾಗುತ್ತದೆ ಎಂದು ನಾನು ಲೆಕ್ಕದ ಕಾಗದವನ್ನು ಮಡಿಸಿದೆನು.

ಮೂರನೆಯ ಸಾಯಂಕಾಲ ಹುಡುಗ ಬಾಗಿಲಲ್ಲಿಯೇ ನಿಂತು ಹೇಳಿದನು: “ಸಾರ್, ನಿಮ್ಮ ಲೆಕ್ಕದಲ್ಲಿ ಒಂದು ತಪ್ಪಿದೆ. ಗಾಳಿ ಒಂದೇ ಸಲ ಯಾಕೆ ಹಿಗ್ಗಬೇಕು? ಮೊದಲು ಸ್ವಲ್ಪ ಹಿಗ್ಗಲಿ. ತಣ್ಣಗಾದದ್ದನ್ನು ಒಂದು ಸುರುಳಿ ಕೊಳವೆಯಲ್ಲಿ ಹಾಯಿಸಿದರೆ ಹೊರಗಿನ ಬಿಸಿಲೇ ಅದನ್ನು ಕಾಯಿಸುತ್ತದೆ. ಆಮೇಲೆ ಎರಡನೇ ಸಿಲಿಂಡರಿಗೆ ಬಿಡೋಣ.”

ಅವನ ಮಾತು ಸರಿಯಾಗಿತ್ತು. ಅಷ್ಟೇ ಅಲ್ಲ, ಅದು ನನಗೆ ಮೊದಲೇ ಹೊಳೆಯಬೇಕಾಗಿತ್ತು. ಏಕೆಂದರೆ ಇದೇ ಉಪಾಯವನ್ನು ಹಿಂದಿನವರು ಮಾಡಿ ತೋರಿಸಿದ್ದಾರೆ. ಫ್ರಾನ್ಸ್ ದೇಶದ ನಾಂತ್ ನಗರದಲ್ಲಿ ೧೮೭೯ರಿಂದ ೧೯೧೭ರ ವರೆಗೆ ಮೆಕಾರ್ಸ್ಕಿ ಎಂಬಾತನ ಗಾಳಿಯ ಟ್ರಾಮುಗಳು ಓಡುತ್ತಿದ್ದವು. ಅವುಗಳಲ್ಲಿ ಗಾಳಿಯನ್ನು ಕುದಿನೀರಿನ ಪಾತ್ರೆಯ ಮೂಲಕ ಹಾಯಿಸಿ, ಬಿಸಿಮಾಡಿ, ಇಂಜಿನಿಗೆ ಬಿಡುತ್ತಿದ್ದರು. ಅಮೆರಿಕದ ಪಿಟ್ಸ್‌ಬರ್ಗಿನ ಪೋರ್ಟರ್ ಕಂಪೆನಿ ಗಣಿಗಳಿಗಾಗಿ ಕಟ್ಟಿದ ಗಾಳಿಬಂಡಿಗಳಲ್ಲಿ ಎರಡು ಸಿಲಿಂಡರುಗಳ ನಡುವೆ ಸುತ್ತಣ ಗಾಳಿಯಿಂದಲೇ ಕಾಯಿಸಿಕೊಳ್ಳುವ ಕೊಳವೆಗಳನ್ನು ಅಳವಡಿಸಿದರು. ಈ ಹುಡುಗನಿಗೆ ಇದಾವುದೂ ತಿಳಿದಿರಲಿಲ್ಲ. ತನ್ನ ಬುದ್ಧಿಯಿಂದಲೇ ಕಂಡುಕೊಂಡಿದ್ದನು.

ಬೇಲೂರಿನಲ್ಲಿ ಚೆನ್ನಕೇಶವನ ಗುಡಿಯ ಪ್ರಾಕಾರದೊಳಗೆ ಕಪ್ಪೆ ಚೆನ್ನಿಗರಾಯನ ಗುಡಿಯೊಂದು ಇರುವುದನ್ನು ನೀವು ಬಲ್ಲಿರಿ. ವಿಗ್ರಹಕ್ಕೆಲ್ಲ ಗಂಧವನ್ನು ಬಳಿದಾಗ ಹೊಕ್ಕುಳ ಬಳಿ ಮಾತ್ರ ಒಣಗಲಿಲ್ಲವೆಂದೂ, ಅಲ್ಲಿ ಉಳಿಯನ್ನಿಟ್ಟಾಗ ಒಳಗಿನಿಂದ ಕಪ್ಪೆ ಹೊರಬಿತ್ತೆಂದೂ, ದೋಷವನ್ನು ತೋರಿಸಿದವನು ಜಕಣಾಚಾರಿಯ ಮಗನೇ ಎಂದೂ ಐತಿಹ್ಯ. ಇತಿಹಾಸಕಾರರು ಇದನ್ನು ಒಪ್ಪದಿರಬಹುದು. ಆದರೆ ಹಿರಿಯನ ಕೆಲಸದಲ್ಲಿ ಕಿರಿಯನು ದೋಷವನ್ನು ಕಂಡಾಗ ಮಾಡತಕ್ಕದ್ದೇನೆಂಬುದು ಅದರಲ್ಲಿದೆ: ಗಂಧವನ್ನು ಬಳಿದು ನೋಡಬೇಕು. ಕಥೆಯ ಜಕಣಾಚಾರಿಯಂತೆ ಕೈ ಕತ್ತರಿಸಿಕೊಳ್ಳುವ ಅಗತ್ಯವಿಲ್ಲ. ಲೆಕ್ಕವನ್ನು ತಿದ್ದಿದರೆ ಸಾಕು.

ತಿದ್ದಿದೆವು. ಎರಡು ಹಂತಗಳಲ್ಲಿ ಹಿಗ್ಗಿಸಿದರೆ ಗಾಳಿ ಸೊನ್ನೆಗೆ ೫೭ ಡಿಗ್ರಿಯಷ್ಟು ಮಾತ್ರ ಕೆಳಕ್ಕೆ ಹೋಗುತ್ತದೆ. ಗಾಲಿಗೆ ದೊರೆಯುವುದು ೦.೬ಕ್ಕೆ ಬದಲಾಗಿ ೦.೭ ಯೂನಿಟ್ಟು. ೨೬ ಕಿಲೋಮೀಟರು ಇದ್ದದ್ದು ೩೦ ಆಯಿತು. ಹುಡುಗನ ಬುದ್ಧಿ ಬಂಡಿಯನ್ನು ನಾಲ್ಕು ಕಿಲೋಮೀಟರು ಮುಂದಕ್ಕೆ ತಳ್ಳಿತು. ಆದರೂ ಹಳೇಬೀಡು ಇನ್ನೂ ದೂರವೇ ಉಳಿಯಿತು.

“ಒತ್ತಡವನ್ನು ೩೦೦ ವಾಯುಭಾರಕ್ಕೆ ಏರಿಸೋಣ” ಎಂದನು. ಹಾಗೆಯೂ ನೋಡಿದೆವು. ಗಾಲಿಗೆ ಸೇರುವುದು ಹೆಚ್ಚೆಂದರೆ ಒಂದು ಯೂನಿಟ್ಟು. ಬಂಡಿ ಹಳೇಬೀಡನ್ನು ಸೇರೀತು, ಬೇಲೂರನ್ನು ಸೇರದು. ಅದೂ ಉರುಳೆಯ ಗೋಡೆಗಳು ದಪ್ಪವಾಗಿ ತೂಕ ಹೆಚ್ಚುವುದನ್ನು ಲೆಕ್ಕಕ್ಕೆ ಹಿಡಿಯದೆ ಹೇಳಿದ ಮಾತು. ಮತ್ತೊಂದು ವಿಷಯವನ್ನೂ ಮರೆಯಲಾಗದು. ೨೦೦ ವಾಯುಭಾರದ ನಮ್ಮ ಮೊದಲ ಉರುಳೆಗಳಲ್ಲಿಯೇ ಅಡಗಿರುವ ಶಕ್ತಿ ಸುಮಾರು ಎರಡು ಕಿಲೋಗ್ರಾಂ ಸಿಡಿಮದ್ದಿಗೆ ಸಮ. ಚೆನ್ನಾಗಿ ಮಾಡಿದ, ಕಾಲಕಾಲಕ್ಕೆ ಪರೀಕ್ಷೆಯಾದ ಉರುಳೆ ಅಪಾಯಕಾರಿಯಲ್ಲ. ಹಳೆಯ ಸಾಮಾನಿನ ಅಂಗಡಿಯಿಂದ ಅಗ್ಗಕ್ಕೆ ತಂದದ್ದಾದರೆ ಯಾತ್ರಿಕರ ಆಸನದ ಕೆಳಗೆ ಇಡತಕ್ಕ ವಸ್ತು ಅದಲ್ಲ.

ಕಡೆಯದಾಗಿ ಕಣಜವನ್ನು ತುಂಬುವ ವೆಚ್ಚ. ನಷ್ಟವಿಲ್ಲದ ಕಂಪ್ರೆಸರು ಇದ್ದಿದ್ದರೆ ೨.೪ ಯೂನಿಟ್ಟು ಸಾಕಾಗುತ್ತಿತ್ತು. ವಾಸ್ತವದ ಕಂಪ್ರೆಸರು ಅದುಮುವಾಗ ಹುಟ್ಟಿದ ಬಿಸಿಯನ್ನೆಲ್ಲ ಹೊರಗೆ ಚೆಲ್ಲಿಬಿಡುತ್ತದೆ. ಅದು ಗೋಡೆಯ ತಂತಿಯಿಂದ ಎಳೆಯುವುದು ನಾಲ್ಕಕ್ಕೂ ಹೆಚ್ಚು ಯೂನಿಟ್ಟು. ನಾಲ್ಕನ್ನು ಕೊಟ್ಟು ಮುಕ್ಕಾಲಿಗಿಂತ ಕಡಮೆ ಪಡೆದಂತಾಯಿತು. ಆರು ಪಾಲಿನಲ್ಲಿ ಐದು ಪಾಲು ದಾರಿಯಲ್ಲಿಯೇ ಕರಗಿತು. ಇದೇ ೪೦೦ ಕಿಲೋಗ್ರಾಮಿನ ಬಂಡಿಗೆ ಬ್ಯಾಟರಿಯನ್ನೂ ಮೋಟಾರನ್ನೂ ಇಟ್ಟರೆ, ಬೇಲೂರಿನ ಪ್ರಯಾಣಕ್ಕೆ ಗೋಡೆಯ ತಂತಿಯಿಂದ ಎರಡು ಯೂನಿಟ್ಟಿನೊಳಗೆ ಸಾಕು. ಉರುಳೆಗಳೂ ಗಾಳಿಯೂ ಕೂಡಿ ಸುಮಾರು ೧೪೦ ಕಿಲೋಗ್ರಾಂ ಆಗುತ್ತವೆ. ಅಷ್ಟೇ ತೂಕದ ಹಳೆಯ ಬಗೆಯ ಸೀಸದ ಬ್ಯಾಟರಿಯಲ್ಲಿ ನಾಲ್ಕು ಯೂನಿಟ್ಟು ಹಿಡಿಸುತ್ತದೆ. ಈಗಿನ ಲಿಥಿಯಮ್ ಬ್ಯಾಟರಿಯಲ್ಲಿ ಅದರ ಹಲವು ಪಟ್ಟು. ಪೆಟ್ರೋಲಿಗೆ ಹೋಲಿಸಿದರೆ, ಉರುಳೆಗಳಲ್ಲಿ ತುಂಬಿದ ೨೩ ಕಿಲೋಗ್ರಾಂ ಗಾಳಿ ಅರ್ಧ ಲೀಟರಿಗೂ ಸರಿಗಟ್ಟಲಾರದು.

ನಮ್ಮ ಈ ಲೆಕ್ಕ ಬರಿಯ ಹಳ್ಳಿಯ ಮೇಷ್ಟರ ಕೂಡಿಕಳೆಯುವ ಆಟವೆಂದು ಯಾರೂ ಭಾವಿಸಬೇಕಾಗಿಲ್ಲ. ಲಕ್ಸೆಂಬರ್ಗಿನ ಎಂ.ಡಿ.ಐ. ಎಂಬ ಸಂಸ್ಥೆಯೊಡನೆ ನಮ್ಮ ದೇಶದ ಟಾಟಾ ಮೋಟಾರ್ಸ್ ೨೦೦೭ರಲ್ಲಿ ಒಪ್ಪಂದ ಮಾಡಿಕೊಂಡಿತು. ಗಾಳಿಯ ಕಾರು ಬಂದೇಬಿಟ್ಟಿತೆಂಬ ಸುದ್ದಿ ಪತ್ರಿಕೆಗಳಲ್ಲೆಲ್ಲ ಹಬ್ಬಿತು. ೨೦೧೨ರಲ್ಲಿ ಆ ಇಂಜಿನನ್ನು ಎರಡು ಬಂಡಿಗಳಲ್ಲಿ ಪರೀಕ್ಷಿಸಿದುದಾಗಿ ಟಾಟಾದವರು ತಿಳಿಸಿದರು. ಆದರೆ ಆ ಕಾರು ನಮ್ಮ ರಸ್ತೆಗಳಿಗೆ ಮಾರಾಟಕ್ಕೆ ಬರಲಿಲ್ಲ. ಈ ನಡುವೆ, ೨೦೦೯ರಲ್ಲಿ, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಇದೇ ಬಗೆಯ ಗಣಿತವನ್ನು ವಿಸ್ತಾರವಾಗಿ ಮಾಡಿ, ಶಕ್ತಿಯ ಉಳಿತಾಯದಲ್ಲಿಯೂ ಓಡುವ ದೂರದಲ್ಲಿಯೂ ಗಾಳಿಯ ಕಾರು ಬ್ಯಾಟರಿಯ ಕಾರಿಗೆ ಸಮನಾಗದೆಂದು ತೋರಿಸಿದರು.

ಹಾಗಾದರೆ ಅದುಮಿದ ಗಾಳಿ ನಿಷ್ಪ್ರಯೋಜಕವೆ? ಎಂದಿಗೂ ಅಲ್ಲ. ಮತ್ತೆ ಅರಸೀಕೆರೆಯ ನಿಲ್ದಾಣಕ್ಕೆ ಬನ್ನಿ. ೧೮೬೯ರಲ್ಲಿ ಅಮೆರಿಕದ ಜಾರ್ಜ್ ವೆಸ್ಟಿಂಗ್‌ಹೌಸನು ಗಾಳಿಯ ಬ್ರೇಕಿಗೆ ಹಕ್ಕುಪತ್ರವನ್ನು ಪಡೆದನು. ಇಂದಿಗೂ ರೈಲುಗಳು ಅದರ ಸುಧಾರಿಸಿದ ರೂಪದಿಂದಲೇ ನಿಲ್ಲುತ್ತವೆ. ಕೊಳವೆಯಲ್ಲಿ ಒತ್ತಡವಿರುವ ವರೆಗೆ ಬ್ರೇಕು ಬಿಟ್ಟಿರುತ್ತದೆ. ಕೊಳವೆ ಹರಿದರೂ ಡಬ್ಬಿಗಳು ಕಳಚಿಕೊಂಡರೂ ಒತ್ತಡ ಇಳಿದು ಬ್ರೇಕು ತಾನಾಗಿಯೇ ಬೀಳುತ್ತದೆ. ಕೋಲಾರದ ಚಿನ್ನದ ಗಣಿಗಳಿಗೆ ೧೯೦೨ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಬಂದಿತು. ಆದರೂ ೨೦೦೧ರಲ್ಲಿ ಮುಚ್ಚಿದ ಆ ಗಣಿಗಳ ಆಳದಲ್ಲಿ ಬಂಡೆಯನ್ನು ಕೊರೆಯುತ್ತಿದ್ದದ್ದು ಅದುಮಿದ ಗಾಳಿಯ ಯಂತ್ರಗಳು. ಅಂಥ ಯಂತ್ರದಿಂದ ಕಿಡಿಯಿಲ್ಲ, ಹೊಗೆಯಿಲ್ಲ. ಹೊರಬರುವ ಗಾಳಿ ತಣ್ಣಗಿರುತ್ತದೆ. ಈ ಎರಡು ಕಡೆಯೂ ಗಾಳಿಯಿಂದ ಬಯಸುವುದು ಕ್ಷಣದ ಬಲವನ್ನೇ ಹೊರತು ದೂರದ ಪ್ರಯಾಣವನ್ನಲ್ಲ. ಬಲದಲ್ಲಿ ಗಾಳಿ ಭೀಮ, ಬುತ್ತಿಯಲ್ಲಿ ಬಡವ.

ನಾಲ್ಕನೆಯ ದಿನ ತಂದೆ ಬಂದರು. ನಾನು ಮೊದಲು ಹೇಳಿದ ಮಾತೇ ಇದು: “ಯಜಮಾನರೇ, ಸಭೆಯಲ್ಲಿ ನಾನು ಲೆಕ್ಕಹಾಕದೆ ಮಾತಾಡಿದೆ, ತಪ್ಪಾಯಿತು. ಬಂಡಿ ಬೇಲೂರು ಮುಟ್ಟುವುದಿಲ್ಲ. ತೋಟದ ಮೇಲೆ ಸಾಲ ಎತ್ತಬೇಡಿ.” ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, “ನಿಮ್ಮ ಮಾತಿಗೆ ಎರಡು ತಿಂಗಳು ಕನಸು ಕಂಡೆವಲ್ಲ ಮೇಷ್ಟ್ರೇ” ಎಂದರು. ಕೋಪದಿಂದ ಹೇಳಿದ ಮಾತಲ್ಲ. ಆದುದರಿಂದಲೇ ಅದು ಇಂದಿಗೂ ನನ್ನನ್ನು ಚುಚ್ಚುತ್ತದೆ. ಪತ್ರಗಳ ಸುರುಳಿಯನ್ನು ಅವರು ಹಿಂದಕ್ಕೆ ಒಯ್ದರು. ಲೆಕ್ಕದ ಕಾಗದಗಳನ್ನು ಹುಡುಗ ಕೇಳಿ ತೆಗೆದುಕೊಂಡನು.

ಆ ಕಾಗದಗಳು ವ್ಯರ್ಥವಾಗಲಿಲ್ಲ. ಅರಸೀಕೆರೆ ಕೊಬ್ಬರಿಯ ಊರು. ಮಂಡಿಗಳಲ್ಲಿ ಆಳುಗಳು ಬೆನ್ನ ಮೇಲೆ ಮೂಟೆಗಳನ್ನು ಹೊತ್ತು ಲಾರಿಗೇರಿಸುತ್ತಾರೆ. ಹುಡುಗ ಹೀಗೆ ಲೆಕ್ಕಹಾಕಿದನು: ೫೦ ಕಿಲೋಗ್ರಾಮಿನ ಮೂಟೆಯನ್ನು ಒಂದೂವರೆ ಮೀಟರು ಎತ್ತುವ ಕೆಲಸ ಒಂದು ಯೂನಿಟ್ಟಿನ ಐದು ಸಾವಿರದಲ್ಲೊಂದು ಪಾಲು. ಆರರಲ್ಲಿ ಐದು ಪಾಲು ಪೋಲಾದರೂ ಒಂದು ಯೂನಿಟ್ಟಿಗೆ ಎಂಟುನೂರು ಮೂಟೆ ಮೇಲೇರುತ್ತವೆ. ನಷ್ಟದ ಪ್ರಮಾಣ ಅದೇ. ಆದರೆ ಬೇಡಿಕ ಕಿರಿದಾದುದರಿಂದ ಆ ನಷ್ಟ ಇಲ್ಲಿ ಬಾಧಿಸದು. ಟೈರಿಗೆ ಗಾಳಿ ತುಂಬುವಂಥ ಒಂದು ಸಣ್ಣ ಕಂಪ್ರೆಸರು, ಒಂದು ಪಿಸ್ಟನ್ನು, ಒಂದು ಮಣೆ. ಇಷ್ಟರಿಂದ ಅವನು ಮೂಟೆ ಎತ್ತುವ ಯಂತ್ರವೊಂದನ್ನು ಕಟ್ಟಿದನು. ಮೊನ್ನೆ ನಾನು ಹೋಗಿದ್ದಾಗ ಅದು ಕೆಲಸ ಮಾಡುತ್ತಿತ್ತು. ನಡುವಯಸ್ಸಿನ ಆಳೊಬ್ಬ ಮೂಟೆಯನ್ನು ಮಣೆಯ ಮೇಲಿಟ್ಟು ಹಿಡಿಯನ್ನು ಒತ್ತಿದನು. ಬುಸ್ಸೆಂದು ಮೂಟೆ ಮೇಲಕ್ಕೆ ಹೋಯಿತು. ಅವನು ಸೊಂಟದ ಮೇಲೆ ಕೈಯಿಟ್ಟು ನೆಟ್ಟಗೆ ನಿಂತನು.

ಶ್ರೋತೃಗಳೆ, ಹೊಸ ಯಂತ್ರಗಳ ಸುದ್ದಿ ದಿನವೂ ನಮ್ಮ ಕಿವಿಗೆ ಬೀಳುತ್ತದೆ. ನೀರಿನಿಂದ ಓಡುವ ಬಂಡಿ, ಗಾಳಿಯಿಂದ ಓಡುವ ಬಂಡಿ, ಒಮ್ಮೆ ತಳ್ಳಿದರೆ ನಿಲ್ಲದ ಚಕ್ರ ಎಂದು ಜನರು ಬರುತ್ತಲೇ ಇರುತ್ತಾರೆ. ಅವರನ್ನು ಹಾಸ್ಯಮಾಡಬೇಡಿ, ಒಡನೆಯೇ ನಂಬಲೂಬೇಡಿ. ಮೂರೇ ಪ್ರಶ್ನೆಗಳನ್ನು ಕೇಳಿ: ಕಣಜದಲ್ಲಿ ಎಷ್ಟಿದೆ? ದಾರಿಯಲ್ಲಿ ಎಷ್ಟು ಸೋರುತ್ತದೆ? ಊರು ಸೇರಲು ಎಷ್ಟು ಬೇಕು? ಈ ಮೂರಕ್ಕೂ ಅಂಕಿಗಳಲ್ಲಿ ಉತ್ತರ ಬಂದ ಮೇಲೆ ತೋಟದ ಪತ್ರವನ್ನು ಪೆಟ್ಟಿಗೆಯಿಂದ ತೆಗೆಯಬಹುದು. ನನ್ನಂತೆ ವೇದಿಕೆಯ ಮೇಲೆ ನಿಂತು ಮೆಚ್ಚುಗೆಯನ್ನು ಹಂಚುವವರಾದರೋ, ಆ ಮೂರು ಪ್ರಶ್ನೆಗಳನ್ನು ಮೊದಲು ತಮಗೆ ತಾವೇ ಕೇಳಿಕೊಳ್ಳುವುದು ಲೇಸು.